ಗ್ರಾಮ್ಯವೂ ಶೃಂಗಾರಹಾಸ್ಯವೂ: ಮಂಡ್ಯಸೀಮೆಯ ಚಲನಚಿತ್ರಗಳನ್ನು ಕುರಿತು

ಗ್ರಾಮ್ಯವನ್ನು ನಮ್ಮ ಲಾಕ್ಷಣಿಕರು ಕಾವ್ಯದೋಷಗಳಲ್ಲಿ ಗಣಿಸಿರುವುದು ವಿದ್ವಾಂಸರಿಗೆ ವಿದಿತವಾದ ಸಂಗತಿ. ಆದರೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಯ ಹಳ್ಳಿಯ ಬಾಳನ್ನೂ ಆಡುಮಾತನ್ನೂ ಆಶ್ರಯಿಸಿ ಈಚಿನ ವರ್ಷಗಳಲ್ಲಿ ಹುಟ್ಟಿರುವ ಪ್ರಣಯಹಾಸ್ಯದ ಚಲನಚಿತ್ರಗಳು ಪ್ರೇಕ್ಷಕರನ್ನು ರಂಜಿಸಿರುವುದು ಆ ಗ್ರಾಮ್ಯದ ಬಲದಿಂದಲೇ. ದೋಷವೆನಿಸಿದುದು ರಂಜನೆಗೆ ಕಾರಣವಾಗುವುದೆಂತು? ಲಕ್ಷಣಗ್ರಂಥಗಳು ತಪ್ಪಿದುವೆಂದಾಗಲಿ, ಜನದ ರುಚಿ ಕೆಟ್ಟಿತೆಂದಾಗಲಿ ಹೇಳುವುದು ಸುಲಭ. ಗ್ರಾಮ್ಯವೆಂಬ ಶಬ್ದದ ಅರ್ಥವನ್ನು ಮೊದಲು ನಿಷ್ಕರ್ಷಿಸಿಕೊಂಡರೆ ಈ ಎರಡು ಮಾತಿಗೂ ಅವಕಾಶವಿರದು. ತರಗತಿಯಲ್ಲಿ ಹಳ್ಳಿಯ ಮಾತನ್ನಾಡಿದ ಬಾಲಕನನ್ನು ತಿದ್ದಬೇಕೆ, ಬೇಡವೆ ಎಂದು ಯೋಚಿಸುವ ಉಪಾಧ್ಯಾಯರಿಗೂ ಈ ವಿಚಾರವು ಸಂಬಂಧಿಸಿದ್ದು.

ಭರತಮುನಿಯು ನಾಟ್ಯಶಾಸ್ತ್ರದ 6ನೆಯ ಅಧ್ಯಾಯದಲ್ಲಿ ಶೃಂಗಾರದಿಂದ ಹಾಸ್ಯವು ಹುಟ್ಟುವುದೆಂದೂ, ಶೃಂಗಾರದ ಅನುಕೃತಿಯೇ ಹಾಸ್ಯವೆಂದೂ ಹೇಳಿರುವನು. ವಿಕೃತವಾದ ವೇಷಾಲಂಕಾರ, ಧಾರ್ಷ್ಟ್ಯ, ಲೌಲ್ಯ, ಅಸತ್ಪ್ರಲಾಪ ಮೊದಲಾದುವು ಅದರ ವಿಭಾವಗಳು. ಪ್ರಣಯಿಯು ತಾನು ಗಂಭೀರನಾಗಿ ಕಾಣಬೇಕೆಂದು ಬಯಸುವನು. ಲೋಕವು ಹಾಗೆ ಕಾಣಗೊಡಿಸದು. ಈ ಎರಡರ ನಡುವಣ ಅಂತರದಲ್ಲಿ ನಗೆ ಹುಟ್ಟುವುದು. ನಗರದಲ್ಲಿ ಪ್ರಣಯಿಗಳಿಗೆ ಏಕಾಂತವುಂಟು. ಹಳ್ಳಿಯಲ್ಲಾದರೋ ಅರಳಿಕಟ್ಟೆಯ ಮೇಲೊಬ್ಬ, ಗದ್ದೆಯ ಬದುವಿನಲ್ಲೊಬ್ಬ, ನಾಲೆಯ ಏರಿಯ ಮೇಲೊಬ್ಬ ನೋಡುತ್ತಲೇ ಇರುವನು. ಹೊಸ ಅಂಗಿ ತೊಟ್ಟವನಿಗೆ ಊರೆಲ್ಲವೂ ಕಾರಣ ಕೇಳುವುದು. ಇಂಥಲ್ಲಿ ಶೃಂಗಾರವು ಹಾಸ್ಯವನ್ನು ಜೊತೆಗೆ ಕರೆದುಕೊಂಡೇ ನಡೆಯಬೇಕಾಗುವುದು.

ಇನ್ನು ಗ್ರಾಮ್ಯದ ವಿಚಾರ. ದಂಡಿಯು ಕಾವ್ಯಾದರ್ಶದಲ್ಲಿ ತರುಣನೊಬ್ಬನು ಕನ್ಯೆಯೊಡನೆ ತನ್ನ ಬಯಕೆಯನ್ನು ಮರೆಯಿಲ್ಲದೆ ಆಡಿಬಿಡುವುದನ್ನು ಗ್ರಾಮ್ಯಕ್ಕೆ ಉದಾಹರಣೆಯಾಗಿ ಕೊಟ್ಟು, ಅದೇ ಭಾವವನ್ನು ಮನ್ಮಥನ ಮೇಲೆ ಹೊರಿಸಿ ಬಳಸಿ ಹೇಳಿದರೆ ಆ ದೋಷವು ತೊಲಗುವುದೆಂದು ತೋರಿಸಿರುವನು. ಇಲ್ಲಿ ನಿಂದಿತವಾದುದು ಮಾತಿನ ಬೆತ್ತಲೆತನ. ಮಾತು ಯಾವ ಊರಿನದೆಂಬ ಪ್ರಶ್ನೆಯೇ ಏಳದು. ವಾಮನನು ಲೋಕಮಾತ್ರದಲ್ಲಿ ಪ್ರಯುಕ್ತವಾದ ಪದವನ್ನು ಗ್ರಾಮ್ಯವೆಂದನು ನಿಜ. ಆದರೆ ಮಮ್ಮಟನು ಕಾವ್ಯಪ್ರಕಾಶದ 7ನೆಯ ಉಲ್ಲಾಸದಲ್ಲಿ ಮಾತನಾಡುವವನ ಔಚಿತ್ಯಕ್ಕನುಸಾರವಾಗಿ ದೋಷವೂ ಗುಣವಾಗಬಹುದೆಂದು ವಿಧಿಸಿ, ವಿದೂಷಕಾದಿಗಳ ಬಾಯಲ್ಲಿ ಗ್ರಾಮ್ಯಪದಕ್ಕೆ ಎಡೆಗೊಟ್ಟನು. ಹೀಗೆ ಶಾಸ್ತ್ರವೇ ಬಾಗಿಲನ್ನು ತೆರೆದಿರುವುದು.

ಅಷ್ಟೇ ಅಲ್ಲ, ಧ್ವನಿಪ್ರಸ್ಥಾನದ ಮೊದಲ ಉದಾಹರಣೆಗಳಲ್ಲೊಂದು ಹಳ್ಳಿಯ ಪ್ರಣಯಹಾಸ್ಯವೇ. ಹಾಲನ ಗಾಥಾಸಪ್ತಶತಿಯ ಗಾಹೆಯೊಂದನ್ನು ಆನಂದವರ್ಧನನು ಧ್ವನ್ಯಾಲೋಕದಲ್ಲಿ ಉದಾಹರಿಸಿರುವನು. ಗೋದಾವರೀತೀರದ ತನ್ನ ಸಂಕೇತಸ್ಥಾನಕ್ಕೆ ಹೂ ಬಿಡಿಸಲು ಬರುವ ಧಾರ್ಮಿಕನೊಬ್ಬನನ್ನು ಓಡಿಸಬೇಕೆಂದು ಹೆಂಗಸೊಬ್ಬಳು, ನಿನ್ನನ್ನು ಹೆದರಿಸುತ್ತಿದ್ದ ನಾಯಿಯನ್ನು ಸಿಂಹವು ಕೊಂದಿದೆ, ನಿರ್ಭಯವಾಗಿ ಓಡಾಡು ಎಂಬರ್ಥದ ಮಾತನ್ನು ಹೇಳುವಳು. ಮಾತಿನಲ್ಲಿ ವಿಧಿ, ಅಭಿಪ್ರಾಯದಲ್ಲಿ ನಿಷೇಧ! ಹಳ್ಳಿಯವರ ಮಾತು ಬೆತ್ತಲೆಯೇ ಆಗಿರಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ. ಬೆಳೆ ಕೊಯ್ಲಾದರೆ ಸಂಕೇತಸ್ಥಾನವು ನಷ್ಟವಾಗುವುದೆಂಬ ಚಿಂತೆಯೂ ಆ ಸಂಕಲನದಲ್ಲಿ ಬರುವುದುಂಟು. ಕೃಷ್ಣರಾಜಸಾಗರದ ನೀರು ಹರಿದ ಮೇಲೆ ಕಬ್ಬಿನ ನಾಡಾಗಿ, 1939ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಮಂಡ್ಯದ ಓದುಗನಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ಜಿಲ್ಲೆಯ ಕಿಕ್ಕೇರಿಯವರಾದ ಕೆ. ಎಸ್. ನರಸಿಂಹಸ್ವಾಮಿಯವರು 1942ರಲ್ಲಿ ಪ್ರಕಟವಾದ ‘ಮೈಸೂರು ಮಲ್ಲಿಗೆ’ಯಲ್ಲಿ ಇದೇ ರಸಸಂಯೋಗವನ್ನು ದಾಂಪತ್ಯಕ್ಕೆ ಅಳವಡಿಸಿದರು. ಅಳಿಯನು ಇರುಳಿನಲ್ಲಿ ಮಾವನ ಮನೆಗೆ ಬರುವನು, ಉಪಚಾರಗಳೆಲ್ಲವೂ ನಡೆಯುವುವು, ಬೇಕಾದವಳೊಬ್ಬಳು ಮಾತ್ರ ಕಣ್ಣಿಗೆ ಬೀಳಳು. ಅಲ್ಲಿ ಹುಟ್ಟುವುದು ಭರತೋಕ್ತವಾದ ಆರು ಬಗೆಯ ನಗೆಗಳಲ್ಲಿ ಮೊದಲನೆಯದಾದ ಸ್ಮಿತ.

ಚಲನಚಿತ್ರದವರು ಮಾಡಿದುದೇನು? ಸಂಸ್ಕೃತನಾಟಕದಲ್ಲಿ ನಾಯಕನಿಗೆ ಸಂಸ್ಕೃತ, ವಿದೂಷಕನಿಗೆ ಪ್ರಾಕೃತ. ಕನ್ನಡ ಚಿತ್ರಗಳಲ್ಲಿಯೂ ಬಹುಕಾಲ ನಾಯಕನು ಗ್ರಂಥಭಾಷೆಯನ್ನೂ ಹಾಸ್ಯಗಾರನು ಹಳ್ಳಿಯ ಮಾತನ್ನೂ ಆಡುವುದು ವಾಡಿಕೆಯಾಗಿದ್ದಿತು. ಯೋಗರಾಜ ಭಟ್ಟರ ‘ಡ್ರಾಮಾ’ (2012), ಎಸ್. ಮಹೇಶ್ ಕುಮಾರರ ‘ಅಯೋಗ್ಯ’ (2018) ಎಂಬ ಚಿತ್ರಗಳಲ್ಲಿ ಮಂಡ್ಯದ ಮಾತು ನಾಯಕನ ಬಾಯಿಗೇ ಬಂದಿತು. ‘ಅಯೋಗ್ಯ’ದ ನಾಯಕನಿಗೆ ಗ್ರಾಮಪಂಚಾಯಿತಿಯ ಸದಸ್ಯನಾಗುವ ಹಂಬಲವೂ ಪ್ರಣಯದ ಹಂಬಲವೂ ಒಟ್ಟಿಗೇ ಇರುವುವು. ‘ಲಾ’, ‘ಕಣ್ಲಾ’, ‘ಅಮ್ಮಿ’, ‘ಕಣಮ್ಮಿ’ ಎಂಬ ಈ ಸೀಮೆಯ ಸಂಬೋಧನೆಗಳನ್ನು ಗಮನಿಸಬೇಕು. ‘ಅಮ್ಮಿ’ ಎಂಬ ಒಂದೇ ಪದದಲ್ಲಿ ಸಲಿಗೆ, ಮುನಿಸು, ಅನುನಯಗಳು ಸ್ವರಭೇದದಿಂದ ತೋರುವುವು. ಗ್ರಂಥಭಾಷೆಯ ‘ಪ್ರಿಯೆ’ ಎಂಬುದಕ್ಕೆ ಈ ಶಕ್ತಿಯಿಲ್ಲ. ಅದನ್ನು ನಿತ್ಯಜೀವನದಲ್ಲಿ ಯಾರೂ ಕೂಗಿ ಕರೆದವರಿಲ್ಲ.

ರಾಮ್ ರೆಡ್ಡಿಯವರ ‘ತಿಥಿ’ಯು ಇನ್ನೂ ಮುಂದೆ ಹೋದ ಕೃತಿ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಈರೇಗೌಡರು ಅದರ ಚಿತ್ರಕಥೆಯಲ್ಲಿ ಪಾಲ್ಗೊಂಡರು. ಪಾತ್ರಧಾರಿಗಳು ಆ ಸೀಮೆಯ ಗ್ರಾಮಸ್ಥರೇ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪುರಸ್ಕೃತವಾಗಿ, ಕನ್ನಡದ ಉತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಶತಾಯುಷಿಯ ಮರಣ, ಮಗನ ವೈರಾಗ್ಯ, ಮೊಮ್ಮಗನ ಭೂಮಿಯಾಸೆ, ಮರಿಮಗನು ಕುರಿಗಾಹಿಗಳ ಹುಡುಗಿಯ ಹಿಂದೆ ಅಲೆಯುವುದು, ಇವೆಲ್ಲವೂ ಹನ್ನೊಂದನೆಯ ದಿನದ ತಿಥಿಯ ಕಡೆಗೆ ಸಾಗುವುವು. ಎಲ್ಲರೂ ಒಂದೇ ಮಾತನ್ನಾಡುವುದರಿಂದ ಅಲ್ಲಿ ಆಡುಮಾತೇ ನಗೆಗೆ ವಿಷಯವಾಗುವ ಅವಕಾಶವಿಲ್ಲ. ನಗೆಯು ಮನುಷ್ಯಸ್ವಭಾವದಿಂದಲೇ ಬರಬೇಕು, ಬರುವುದು.

ಆದರೆ ಒಂದು ಎಚ್ಚರಿಕೆಯನ್ನು ಹೇಳದಿರಲಾಗದು. ಒಲ್ಲದ ಹುಡುಗಿಯನ್ನು ಬಿಡದೆ ಬೆನ್ನಟ್ಟುವುದನ್ನೇ ಪ್ರಣಯವೆಂದು ತೋರಿಸುವ ಪದ್ಧತಿಯು ಚಿತ್ರಗಳಲ್ಲಿ ಬೇರೂರಿದೆ. ಉಭಯನಿಷ್ಠವಲ್ಲದ ರತಿಯು ಶೃಂಗಾರಾಭಾಸವೆಂದು ಸಾಹಿತ್ಯದರ್ಪಣಕಾರನು ಹೇಳಿರುವನು. ಅಭಿನವಗುಪ್ತನು ಸೀತೆಯಲ್ಲಿ ರಾವಣನಿಗುಂಟಾದ ಅಭಿಲಾಷೆಯನ್ನು ನಿದರ್ಶಿಸಿ, ಇಂಥ ಆಭಾಸವು ಹಾಸ್ಯದಲ್ಲಿ ಪರ್ಯವಸಾನವಾಗುವುದೆಂದು ವಿವರಿಸಿರುವನು. ಇದರ ತಾತ್ಪರ್ಯವು ಇಂದಿಗೂ ಅನ್ವಯಿಸುವುದು: ಒಬ್ಬನೇ ಬಯಸುವೆಡೆಯಲ್ಲಿ ನಗೆಯು ಆ ಬಯಸುವವನ ಮೇಲೆ ತಿರುಗಬೇಕು. ಅವನೊಡನೆ ಸೇರಿ ಹುಡುಗಿಯನ್ನು ನಕ್ಕರೆ ಶೃಂಗಾರವೂ ಕೆಟ್ಟಿತು, ಹಾಸ್ಯವೂ ಕೆಟ್ಟಿತು. ದಂಡಿಯು ಗ್ರಾಮ್ಯವೆಂದು ಕರೆದುದು ಈ ಬಗೆಯ ಒರಟುತನವನ್ನೇ. ಅದು ಪಟ್ಟಣದ ನುಡಿಯಲ್ಲಿದ್ದರೂ ಗ್ರಾಮ್ಯವೇ ಸರಿ.

ಆದುದರಿಂದ ಉಪಾಧ್ಯಾಯರು ಗಮನಿಸಬೇಕಾದ ಭೇದವು ಸ್ಪಷ್ಟವಾಗಿದೆ. ‘ಬತ್ತೀನಿ ಕಣಮ್ಮಿ’ ಎಂದ ಬಾಲಕನು ದೋಷಿಯಲ್ಲ. ಶುದ್ಧ ಗ್ರಂಥಭಾಷೆಯಲ್ಲಿ ಸಹಪಾಠಿನಿಯನ್ನು ಹಳಿದವನು ದೋಷಿ. ಬರಹಕ್ಕೆ ಬೇಕಾದ ನುಡಿಯನ್ನು ಕಲಿಸುವಾಗ ಮನೆಯ ನುಡಿಯನ್ನು ಹಾಸ್ಯಾಸ್ಪದವೆನ್ನದಿರುವುದು ಗುರುವಿನ ಕರ್ತವ್ಯ. ಶಿಂಷಾ ಕಾವೇರಿಗಳ ಈ ಸೀಮೆಯು ಒಲವಿನಲ್ಲಿ ನಗಬಲ್ಲುದು, ನಗೆಯಲ್ಲಿ ಒಲಿಯಬಲ್ಲುದು. ಅದನ್ನು ಅಳೆಯುವುದಕ್ಕೆ ಬೇಕಾದ ಮಾನದಂಡವು ನಮ್ಮ ಶಾಸ್ತ್ರದಲ್ಲಿಯೇ ಇರುವುದು.