ವರದಿಗಾಗಿ ದತ್ತಸಂಚಯದ ದ್ವಿತೀಯ ಪ್ರತಿ: ಲಾಗ್ ಶಿಪ್ಪಿಂಗ್ ವಿಧಾನ ಮತ್ತು ಅದರ ಸೂಕ್ತ ಬಳಕೆ

ಮುಂಗಾರು ಹಂಗಾಮಿನಲ್ಲಿ ರೈತ ಸಂಪರ್ಕ ಕೇಂದ್ರಗಳಲ್ಲಿ ಬಿತ್ತನೆ ಬೀಜ ವಿತರಣೆ, ರೈತರ ನೋಂದಣಿ ಹಾಗೂ ಹೋಬಳಿವಾರು, ಬೆಳೆವಾರು ವರದಿಗಳ ಸಿದ್ಧತೆ ಏಕಕಾಲಕ್ಕೆ ಒದಗುತ್ತವೆ. ನೋಂದಣಿ ನಡೆಯುತ್ತಿರುವ ದತ್ತಸಂಚಯದಿಂದಲೇ ದೊಡ್ಡ ವರದಿಗಳನ್ನು ತೆಗೆದರೆ ಗಣಕಯಂತ್ರದ ಮೇಲಿನ ಹೊರೆ ಹೆಚ್ಚಿ, ಸರದಿಯಲ್ಲಿ ನಿಂತ ರೈತರು ಕಾಯಬೇಕಾಗುತ್ತದೆ. ಆದ್ದರಿಂದ ವರದಿಗೆಂದೇ ದ್ವಿತೀಯ ಪ್ರತಿಯೊಂದನ್ನು ಬೇರೆ ಗಣಕಯಂತ್ರದಲ್ಲಿ ಇರಿಸುವುದು ಸೂಕ್ತ. ಅದನ್ನು ನವೀಕರಿಸುವ ವಿಧಾನಗಳಲ್ಲಿ ಲಾಗ್ ಶಿಪ್ಪಿಂಗ್ ಒಂದು.

ಲಾಗ್ ಎಂದರೇನು?

ಪಹಣಿಯು ಜಮೀನಿನ ಇಂದಿನ ಸ್ಥಿತಿಯನ್ನು ತಿಳಿಸುತ್ತದೆ. ಕ್ರಯ, ಪೌತಿ, ವಿಭಾಗ ಮುಂತಾದ ಬದಲಾವಣೆಗಳು ಮ್ಯುಟೇಷನ್ ವಹಿಯಲ್ಲಿ ಕ್ರಮಸಂಖ್ಯೆಯೊಂದಿಗೆ ದಾಖಲಾಗುತ್ತವೆ. ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕೀಕೃತಗೊಂಡ ಮೇಲೂ ಪಹಣಿಯಲ್ಲಿ ಎಂ.ಆರ್. ಸಂಖ್ಯೆ ಕಾಣುವುದು ಈ ಕಾರಣದಿಂದಲೇ. ದತ್ತಸಂಚಯದಲ್ಲಿ ಲಾಗ್‌ನ ಪಾತ್ರವೂ ಮ್ಯುಟೇಷನ್ ವಹಿಯಂತೆಯೇ. ಒಂದು ದಿನದ ಎಲ್ಲ ಪಹಣಿಗಳ ನಕಲು ಮತ್ತೊಂದು ಕಚೇರಿಯಲ್ಲಿದ್ದರೆ, ಅನಂತರದ ಮ್ಯುಟೇಷನ್ ಪುಟಗಳನ್ನು ಮಾತ್ರ ಕಳುಹಿಸಿ ಆ ನಕಲನ್ನು ನವೀಕರಿಸಬಹುದಲ್ಲವೆ? ಲಾಗ್ ಶಿಪ್ಪಿಂಗ್‌ನ ತತ್ತ್ವ ಇದೇ ಆಗಿದೆ.

ಕಾರ್ಯವಿಧಾನ

ಎಸ್‌ಕ್ಯೂಎಲ್ ಸರ್ವರ್ ತಂತ್ರಾಂಶದಲ್ಲಿ ಮೊದಲು ಪೂರ್ಣ ಬ್ಯಾಕಪ್ ಒಂದನ್ನು ದ್ವಿತೀಯ ಗಣಕಯಂತ್ರದಲ್ಲಿ ಸ್ಥಾಪಿಸಲಾಗುತ್ತದೆ. ನಂತರ ಲಾಗ್‌ನ ಬ್ಯಾಕಪ್ ತೆಗೆಯುವುದು, ಅದನ್ನು ನಕಲಿಸುವುದು ಮತ್ತು ದ್ವಿತೀಯ ಪ್ರತಿಗೆ ಅನ್ವಯಿಸುವುದು ಎಂಬ ಮೂರು ಹಂತಗಳು ನಿಯಮಿತವಾಗಿ ನಡೆಯುತ್ತವೆ. ಪೂರ್ವನಿಗದಿಯಂತೆ ಪ್ರತಿ ಹಂತದ ಅಂತರ 15 ನಿಮಿಷ. ಅಗತ್ಯಕ್ಕೆ ತಕ್ಕಂತೆ ಇದನ್ನು ಬದಲಿಸಬಹುದು.

ಗಮನಿಸಬೇಕಾದ ಅಂಶಗಳು

• ದ್ವಿತೀಯ ಪ್ರತಿಯನ್ನು ‘ಸ್ಟ್ಯಾಂಡ್‌ಬೈ’ ಸ್ಥಿತಿಯಲ್ಲಿ ಇರಿಸಿದರೆ ಮಾತ್ರ ಓದಬಹುದು. ಅದರಲ್ಲಿ ತಿದ್ದುಪಡಿ ಸಾಧ್ಯವಿಲ್ಲ.
• ವರದಿ ತೆಗೆಯುವವರು ಸಂಪರ್ಕದಲ್ಲಿರುವಾಗ ಹೊಸ ಲಾಗ್ ಅನ್ವಯವಾಗುವುದಿಲ್ಲ. ಅವರ ಸಂಪರ್ಕ ಕಡಿತಗೊಳಿಸಬೇಕು, ಇಲ್ಲವೆ ರಾತ್ರಿ ವೇಳೆ ಅನ್ವಯಿಸಬೇಕು. ರಾತ್ರಿ ಅನ್ವಯಿಸಿದಲ್ಲಿ ಹಗಲಿನ ವರದಿಯು ಹಿಂದಿನ ದಿನದ ಸ್ಥಿತಿಯನ್ನೇ ತೋರಿಸುತ್ತದೆ.
• ಲಾಗ್‌ಗಳನ್ನು ಅನುಕ್ರಮವಾಗಿಯೇ ಅನ್ವಯಿಸಬೇಕು. ನಡುವಿನ ಒಂದು ಕಳೆದುಹೋದರೂ ಮುಂದಿನವು ನಿರುಪಯುಕ್ತ. ಸಾಮಾನ್ಯವಾಗಿ ಹೊಸ ಬ್ಯಾಕಪ್‌ನಿಂದ ಪ್ರತಿಯನ್ನು ಸರಿಪಡಿಸಬೇಕಾಗುತ್ತದೆ.
• ಮೂಲದಲ್ಲಿ ತಪ್ಪಾಗಿ ಅಳಿಸಿದ ದಾಖಲೆ ದ್ವಿತೀಯ ಪ್ರತಿಯಲ್ಲೂ ಅಳಿಯುತ್ತದೆ. ಆದ್ದರಿಂದ ಪ್ರತ್ಯೇಕ ಬ್ಯಾಕಪ್ ಅತ್ಯವಶ್ಯಕ.

ವಿಸ್ತರಣಾ ಕಾರ್ಯಕರ್ತರಿಗೆ

ದ್ವಿತೀಯ ಪ್ರತಿಯ ವರದಿಯು ಸುಳ್ಳಲ್ಲ, ಆದರೆ ಅದು ಕಳೆದ ಗಳಿಗೆಯ ಸತ್ಯ. ಬೀಜ, ಗೊಬ್ಬರದ ಬೇಡಿಕೆಯ ಅಂದಾಜಿಗೆ ಒಂದು ದಿನದ ವಿಳಂಬ ಬಾಧಕವಲ್ಲ. ಆದರೆ ಒಬ್ಬ ರೈತರ ಅರ್ಹತೆಯನ್ನು ನಿರ್ಧರಿಸುವಾಗ ಇದೇ ವಿಳಂಬ ಅನ್ಯಾಯಕ್ಕೆ ಕಾರಣವಾಗಬಹುದು. ಉದಾಹರಣೆಗೆ, ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಡಿ ಆಲಿಕಲ್ಲು ಮಳೆಯಂತಹ ಸ್ಥಳೀಯ ವಿಕೋಪದ ನಷ್ಟವನ್ನು 72 ಗಂಟೆಗಳೊಳಗೆ ತಿಳಿಸಬೇಕು. ಇಂತಹ ದೂರುಗಳ ಪಟ್ಟಿಯನ್ನು ನಿನ್ನೆಯ ಪ್ರತಿಯಿಂದ ತೆಗೆದರೆ, ಇಂದು ದೂರು ನೀಡಿದವರ ಹೆಸರು ಅದರಲ್ಲಿ ಇರುವುದಿಲ್ಲ.

ಆದ್ದರಿಂದ ಪ್ರತಿ ವರದಿಯ ಮೇಲ್ಭಾಗದಲ್ಲಿ, ಮುದ್ರಿಸಿದ ಸಮಯವನ್ನಲ್ಲ, ಕೊನೆಯ ಲಾಗ್ ಯಾವ ಸಮಯದವರೆಗಿನದು ಎಂಬುದನ್ನು ನಮೂದಿಸಬೇಕು. ಪಟ್ಟಿಯಲ್ಲಿ ಹೆಸರಿಲ್ಲವೆಂದು ರೈತರನ್ನು ಹಿಂದಕ್ಕೆ ಕಳುಹಿಸುವ ಮೊದಲು ಮೂಲ ದತ್ತಸಂಚಯದಲ್ಲಿ ಪರಿಶೀಲಿಸಬೇಕು.

ರೈತ ಬಾಂಧವರಿಗೆ

ನೋಂದಣಿ ಅಥವಾ ದೂರಿನ ಸ್ವೀಕೃತಿಯನ್ನು, ಅದರ ಸಂಖ್ಯೆ, ದಿನಾಂಕ ಮತ್ತು ಸಮಯ ಸಹಿತ ಜೋಪಾನವಾಗಿಡಿ. ಪಟ್ಟಿಯಲ್ಲಿ ಹೆಸರು ಕಾಣದಿದ್ದರೆ ತಕ್ಷಣ ಮತ್ತೊಮ್ಮೆ ನೋಂದಾಯಿಸದೆ, ಆ ಪಟ್ಟಿ ಯಾವ ದಿನಾಂಕದವರೆಗಿನದು ಎಂದು ವಿಚಾರಿಸಿ, ಸ್ವೀಕೃತಿಯನ್ನು ತೋರಿಸಿ ಮೂಲ ದಾಖಲೆಯ ಪರಿಶೀಲನೆಯನ್ನು ಕೋರಿರಿ.