ಊರು ಬಿಟ್ಟವರ ಮನಸ್ಸಿಗೆ ಮದ್ದೆಲ್ಲಿ?

ಹಿಮಾಲಯ ದಾಟಿ ಬಂದವರು, ಕಾಡಿನಿಂದ ಹೊರಬಂದವರು, ಸುಗ್ಗಿಗೆ ಕೊಡಗಿನ ತೋಟ ಸೇರುವವರು– ಮೈಸೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳಿಗೆ ವಲಸೆ ಹೊಸ ಮಾತಲ್ಲ. ಇವರ ಮೈಗೆ ಜ್ವರ ಬಂದರೆ ಆಸ್ಪತ್ರೆ ಉಂಟು. ಮನಸ್ಸಿಗೆ ಬಂದರೆ?

ಮೈಸೂರಿನಿಂದ ಮಡಿಕೇರಿ ರಸ್ತೆ ಹಿಡಿದು ಹುಣಸೂರು, ಪಿರಿಯಾಪಟ್ಟಣ ದಾಟಿದರೆ ಸುಮಾರು 80 ಕಿಲೋಮೀಟರಿಗೆ ಬೈಲಕುಪ್ಪೆ. 1959ರಲ್ಲಿ ದಲೈ ಲಾಮಾ ಅವರೊಂದಿಗೆ, ಅವರ ಹಿಂದೆ ಟಿಬೆಟ್ ಬಿಟ್ಟು ಬಂದವರಿಗೆ ಅಂದಿನ ಮೈಸೂರು ಸರ್ಕಾರ ಇಲ್ಲಿ ಸುಮಾರು 3,000 ಎಕರೆ ಕಾಡು ಭೂಮಿ ಕೊಟ್ಟಿತು. ಮೊದಲ ತಂಡ ಬಂದದ್ದು 1960ರ ಕೊನೆಯಲ್ಲಿ. ಹಿಮದ ನಾಡಿನಿಂದ ಬಂದವರು ಬಿದಿರುಮೆಳೆ ಕಡಿದು, ಆನೆಗಳ ಕಾಟ ಸಹಿಸಿ, ಜೋಳ ಬೆಳೆಯಲು ಕಲಿತರು. 1969ರಲ್ಲಿ ಬೈಲಕುಪ್ಪೆಯಲ್ಲಿ ಎರಡನೆಯ ನೆಲೆ, 1972ರಲ್ಲಿ ಹುಣಸೂರಿನ ಗುರುಪುರದಲ್ಲಿ ಇನ್ನೊಂದು ನೆಲೆ ಎದ್ದವು. ಇಂದು ಪ್ರವಾಸಿಗರು ನೋಡಲು ಹೋಗುವ ಚಿನ್ನದ ದೇವಾಲಯದ ಹಿಂದೆ ಈ ಕಥೆ ಇದೆ.

ಹೆಗ್ಗಡದೇವನಕೋಟೆಯದು ಬೇರೆ ಕಥೆ. ಇಲ್ಲಿ ಜನ ದೂರದಿಂದ ಬರಲಿಲ್ಲ. ಇದ್ದ ಜಾಗದಿಂದಲೇ ಕದಲಿದರು. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟು ಹಳ್ಳಿಗಳನ್ನು ಮುಳುಗಿಸಿತು. ನಾಗರಹೊಳೆ ರಾಷ್ಟ್ರೀಯ ಉದ್ಯಾನವಾದಂತೆ ಜೇನುಕುರುಬ, ಬೆಟ್ಟಕುರುಬ, ಯರವ ಕುಟುಂಬಗಳು ಕಾಡಂಚಿಗೆ, ಅಲ್ಲಿಂದ ಪುನರ್ವಸತಿ ಕೇಂದ್ರಗಳಿಗೆ ಬಂದವು. ಹುಣಸೂರು ತಾಲ್ಲೂಕಿನ ನಾಗಾಪುರ ಅಂಥ ಒಂದು ಕೇಂದ್ರ. ಹೈಕೋರ್ಟ್ ಆದೇಶದಂತೆ ರಚನೆಯಾಗಿ 2014ರಲ್ಲಿ ವರದಿ ಕೊಟ್ಟ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ, ನಾಗರಹೊಳೆಯಿಂದ ಹೊರಬಿದ್ದ ಆದಿವಾಸಿ ಕುಟುಂಬಗಳ ಸಂಖ್ಯೆ 3,418 ಎಂದು ಲೆಕ್ಕ ಹಾಕಿತು.

ಹಾಡಿಯಲ್ಲಿ ಉಳಿದವರೂ ವರ್ಷವಿಡೀ ಹಾಡಿಯಲ್ಲಿರುವುದಿಲ್ಲ. ನವೆಂಬರಿನಿಂದ ಮಾರ್ಚ್‌ವರೆಗೆ ಕೊಡಗಿನಲ್ಲಿ ಕಾಫಿ ಕೊಯ್ಲು. ಬೆಳಿಗ್ಗೆ ಹಾಡಿಯ ಬಾಯಿಗೆ ಜೀಪು ಬರುತ್ತದೆ. ಕೆಲವರು ಸಂಜೆಗೆ ವಾಪಸಾಗುತ್ತಾರೆ, ಕೆಲವರು ಲೈನ್ ಮನೆಗಳಲ್ಲಿ ತಿಂಗಳುಗಟ್ಟಲೆ ಉಳಿಯುತ್ತಾರೆ. ಶುಂಠಿ ಕೆಲಸಕ್ಕೆ ಗಡಿ ದಾಟಿ ವಯನಾಡಿಗೆ ಹೋಗುವವರೂ ಇದ್ದಾರೆ.

ಹುಣಸೂರಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿಗಳ ದಾರಿ ಇನ್ನೂ ಉದ್ದ. ಗಿಡಮೂಲಿಕೆ, ತಲೆಎಣ್ಣೆ ಮಾರಲು ಅವರು ಆಫ್ರಿಕದವರೆಗೂ ಹೋಗುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಸಿಡಿದಾಗ ಗುಂಡಿನ ಸದ್ದಿನ ನಡುವೆ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಇವರೂ ಇದ್ದರು. 'ಆಪರೇಷನ್ ಕಾವೇರಿ'ಯ ಮೂಲಕ ಅವರನ್ನು ಕರೆತರಲಾಯಿತು. ಕೃಷ್ಣರಾಜನಗರವಂತೂ ಪಟ್ಟಣವೇ ಜಾಗ ಬದಲಿಸಿದ ಊರು. ಕಾವೇರಿಯ ಪ್ರವಾಹಕ್ಕೆ ಸಿಕ್ಕ ಎಡತೊರೆಯ ಜನ ಎತ್ತರಕ್ಕೆ ಬಂದು ಕಟ್ಟಿಕೊಂಡದ್ದು ಅದು.

ಹೀಗೆ ನಾಲ್ಕು ತಾಲ್ಲೂಕುಗಳಲ್ಲಿ ಊರು ಬಿಟ್ಟವರ ಪಟ್ಟಿ ದೊಡ್ಡದು. ಅವರ ಭೂಮಿ, ಮನೆ, ಪಡಿತರ ಚೀಟಿಯ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಮನಸ್ಸಿನ ಬಗ್ಗೆ ನಡೆದದ್ದು ಕಡಿಮೆ.

ಊರಿನ ನೆನಪೂ ಒಂದು ಕಾಯಿಲೆ

ಮನೆ ಬಿಟ್ಟು ಬಂದವನ ಸಂಕಟವನ್ನು ವೈದ್ಯಕೀಯ ಭಾಷೆಯಲ್ಲಿ ಮೊದಲು ಬರೆದವನು ಯೋಹಾನೆಸ್ ಹೋಫರ್ ಎಂಬ ಸ್ವಿಸ್ ವಿದ್ಯಾರ್ಥಿ. 1688ರ ತನ್ನ ಪ್ರಬಂಧದಲ್ಲಿ ಆತ ಬರ್ನ್ ಪಟ್ಟಣದಿಂದ ಬಾಸೆಲ್‌ಗೆ ಓದಲು ಬಂದ ಹುಡುಗನೊಬ್ಬನನ್ನು ವರ್ಣಿಸಿದ್ದಾನೆ. ಊಟ ಸೇರದು, ಜ್ವರ ಬಿಡದು, ದಿನೇ ದಿನೇ ಸೊರಗುತ್ತಿದ್ದ. ಬದುಕುವ ಆಸೆಯೇ ಇಲ್ಲವೆಂದುಕೊಂಡು ಊರಿಗೆ ಕಳಿಸಿದರೆ ದಾರಿಯಲ್ಲೇ ಚೇತರಿಸಿಕೊಳ್ಳತೊಡಗಿದನಂತೆ! ಇದಕ್ಕೆ ಹೋಫರ್ ಇಟ್ಟ ಹೆಸರು 'ನಾಸ್ಟಾಲ್ಜಿಯಾ'. ಇಂದು ಅದು ಹಳೆಯ ಸಿನಿಮಾ ಹಾಡಿಗೆ ಅಂಟುವ ಪದ. ಹುಟ್ಟಿದ್ದು ಕಾಯಿಲೆಯ ಹೆಸರಾಗಿ.

1932ರಲ್ಲಿ ಓಡೆಗಾರ್ಡ್ ಎಂಬ ನಾರ್ವೆಯ ಮನೋವೈದ್ಯರು ಅಮೆರಿಕದ ಮಿನೆಸೋಟಕ್ಕೆ ವಲಸೆ ಹೋದ ನಾರ್ವೆ ಜನರ ದಾಖಲೆ ಪರಿಶೀಲಿಸಿದರು. ತೀವ್ರ ಮನೋರೋಗದಿಂದ ಆಸ್ಪತ್ರೆ ಸೇರಿದವರ ಪ್ರಮಾಣ ನಾರ್ವೆಯಲ್ಲಿ ಉಳಿದವರಿಗಿಂತ ವಲಸೆ ಹೋದವರಲ್ಲಿ ಹೆಚ್ಚಿತ್ತು. ಇದಕ್ಕೆ ಕಾರಣವೇನು ಎಂಬ ವಾದ ಅಂದಿನಿಂದ ನಡೆದೇ ಇದೆ.

ಹಾಗೆಂದು ಊರು ಬಿಟ್ಟವರೆಲ್ಲ ರೋಗಿಗಳಾಗುತ್ತಾರೆಂದು ತಿಳಿಯಬಾರದು. ಬಹುಪಾಲು ಜನ ತಡೆದುಕೊಳ್ಳುತ್ತಾರೆ. ತಡೆದುಕೊಳ್ಳಲು ನೆರವಾಗುವುದು ಏನು? ತಮ್ಮವರ ಜೊತೆ, ತಮ್ಮ ಭಾಷೆ, ಹಬ್ಬ, ಕೈಗೆ ಕೆಲಸ, ನಾಳೆಯ ಬಗ್ಗೆ ಒಂದಿಷ್ಟು ಭರವಸೆ. ಟಿಬೆಟನ್ನರು ಇಡೀ ಸಮುದಾಯವಾಗಿ ಒಂದೆಡೆ ನೆಲೆಸಿ ಮಠ, ಶಾಲೆ, ಸಹಕಾರ ಸಂಘ, ಆಸ್ಪತ್ರೆಗಳನ್ನು ಕಟ್ಟಿಕೊಂಡರು. ಕಾಡಿನಿಂದ ಹೊರಬಂದವರಲ್ಲಿ ಅನೇಕರಿಗೆ ಹಾಡಿಯ ಜೊತೆ ಜೇನು, ಗೆಡ್ಡೆ ಗೆಣಸು, ಪೂಜೆಯ ತಾಣ, ಹಿರಿಯರನ್ನು ಮಣ್ಣು ಮಾಡಿದ ಜಾಗ ಎಲ್ಲವೂ ಒಟ್ಟಿಗೆ ದೂರವಾದವು.

ಇಬ್ಬರ ಬಾಯಲ್ಲೂ 'ಗಾಳಿ'

ಮನಸ್ಸು ಕೆಟ್ಟವರು 'ನನಗೆ ಖಿನ್ನತೆ ಇದೆ' ಎಂದು ಹೇಳಿಕೊಂಡು ಬರುವುದಿಲ್ಲ. ತಲೆ ಭಾರ, ಎದೆ ಹಿಡಿದಂತೆ, ಮೈಕೈ ನೋವು, ನಿದ್ದೆ ಇಲ್ಲ, ಊಟ ಬೇಡ– ಬರುವ ದೂರುಗಳು ಇವು. ಹಾಡಿಗಳಲ್ಲಿ, ಸುತ್ತಲ ಹಳ್ಳಿಗಳಲ್ಲಿ ಕೇಳುವ ಇನ್ನೊಂದು ಮಾತು 'ಗಾಳಿ ಸೋಕಿದೆ'.

ಸ್ವಾರಸ್ಯವೆಂದರೆ ಟಿಬೆಟನ್ ವೈದ್ಯಪದ್ಧತಿಯಲ್ಲೂ ಇದು ಗಾಳಿಯದೇ ಕೆಲಸ. ನಮ್ಮ ಆಯುರ್ವೇದದ ವಾತ, ಪಿತ್ತ, ಕಫಗಳಂತೆ ಅವರಲ್ಲೂ ಮೂರು ದೋಷಗಳಿವೆ. ಅದರಲ್ಲಿ 'ಲುಂಗ್' ಎಂದರೆ ವಾಯು. ಅತಿಯಾದ ಚಿಂತೆ, ದುಃಖಗಳಿಂದ ಅದು ಕೆರಳಿ ಎದೆಯಲ್ಲಿ ಕೂತರೆ ನಿದ್ದೆಗೇಡು, ಭಯ, ಅಳು, ಚಡಪಡಿಕೆ ಕಾಣಿಸುತ್ತವೆ ಎನ್ನುತ್ತಾರೆ. ಹಳ್ಳಿಯವರ ಗಾಳಿ ಹೊರಗಿನಿಂದ ಸೋಕುವಂಥದು, ಟಿಬೆಟನ್ನರ ಗಾಳಿ ಒಳಗೇ ಕೆರಳುವಂಥದು. ವ್ಯತ್ಯಾಸ ಅಷ್ಟೇ.

ಇದನ್ನು ಕೇಳಿ ನಗುವ ವೈದ್ಯರ ಬಳಿಗೆ ರೋಗಿ ಎರಡನೆಯ ಸಲ ಬರುವುದಿಲ್ಲ. ಗುಡಿಗೆ, ಮಠಕ್ಕೆ, ಯಂತ್ರ ಕಟ್ಟುವವರಿಗೆ ನಡೆದುಕೊಳ್ಳುವುದನ್ನು ಬಿಡಿಸಬೇಕಾದ್ದೂ ಇಲ್ಲ. ಹರಕೆಯ ಜೊತೆಗೆ ಮಾತ್ರೆಯೂ ನಡೆಯಲಿ ಎಂದರೆ ಜನ ಒಪ್ಪುತ್ತಾರೆ. ಆದರೆ ಹೊಡೆಯುವುದು, ಹೊಗೆ ಹಾಕುವುದು, ಸರಪಳಿ ಬಿಗಿಯುವುದು ಪೂಜೆಯಲ್ಲ. ಮನೋರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ.

ಕುಡಿತದ ವಿಷಯ ಬೇರೆಯಾಗಿಯೇ ಹೇಳಬೇಕು. ದಿನವೂ ಕುಡಿಯುವವರು ಹಠಾತ್ತನೆ ನಿಲ್ಲಿಸಿದಾಗ ಎರಡು ಮೂರು ದಿನಗಳಲ್ಲಿ ಕೈ ನಡುಗಿ, ಬೆವರಿ, ಇಲ್ಲದ್ದನ್ನು ಕಂಡು ಕಿರುಚಬಹುದು, ಫಿಟ್ಸ್ ಬರಬಹುದು. ಕೂಲಿಯಿಲ್ಲದೆ ಮನೆಯಲ್ಲಿ ಉಳಿದಾಗ, ಬೇರೆ ಕಾಯಿಲೆಗೆಂದು ಆಸ್ಪತ್ರೆಯಲ್ಲಿ ಮಲಗಿದಾಗ ಹೀಗಾಗುವುದುಂಟು. ದೆವ್ವ ಹಿಡಿದಿದೆ ಎಂದು ಮನೆಯಲ್ಲೇ ಇಟ್ಟುಕೊಂಡರೆ ಜೀವಕ್ಕೇ ಅಪಾಯ. ಅದು ತಕ್ಷಣ ಆಸ್ಪತ್ರೆಗೆ ಒಯ್ಯಬೇಕಾದ ಸ್ಥಿತಿ.

ಮಾತ್ರೆ ಒಂದೂರಲ್ಲಿ, ರೋಗಿ ಇನ್ನೊಂದೂರಲ್ಲಿ

ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯುವ ದಾರಿಯನ್ನು ದೇಶಕ್ಕೆ ತೋರಿಸಿದ ರಾಜ್ಯಗಳಲ್ಲಿ ನಮ್ಮದೂ ಒಂದು. ನಿಮ್ಹಾನ್ಸ್ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಎಪ್ಪತ್ತರ ದಶಕದಲ್ಲೇ ಈ ಪ್ರಯೋಗ ಆರಂಭಿಸಿತು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮಾತ್ರೆ ಒದಗಿಸಲಾಯಿತು. ಅದೇ ಮಾದರಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹಬ್ಬಿತು. ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಮಂಗಳವಾರಗಳಂದು ಬರುವ 'ಮನೋಚೈತನ್ಯ' ಕಾರ್ಯಕ್ರಮವನ್ನೂ ಕರ್ನಾಟಕ ರೂಪಿಸಿತು. ಹೆಗ್ಗಡದೇವನಕೋಟೆ ಭಾಗದಲ್ಲಿ, ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸರಗೂರಿನಲ್ಲಿ ಆಸ್ಪತ್ರೆ ನಡೆಸುತ್ತಿದೆ.

ವ್ಯವಸ್ಥೆ ಇಷ್ಟಿದ್ದರೂ ವಲಸಿಗ ಅದರ ಬಲೆಯ ಕಣ್ಣಿನಿಂದ ಜಾರಿಹೋಗುತ್ತಾನೆ. ಕಾರಣ ಸರಳ. ಖಿನ್ನತೆಯ ಮಾತ್ರೆ ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು. ಗುಣ ಕಂಡ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ನುಂಗಬೇಕು. ಮೂರ್ಛೆರೋಗಕ್ಕೆ, ತೀವ್ರ ಮನೋರೋಗಕ್ಕೆ ವರ್ಷಗಳೇ ಬೇಕು. ಅಕ್ಟೋಬರಿನಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ಮಾತ್ರೆ ಶುರುಮಾಡಿದ ಹೆಂಗಸು ನವೆಂಬರಿನಲ್ಲಿ ತೋಟ ಸೇರಿದರೆ ಮುಂದಿನ ತಿಂಗಳ ಮಾತ್ರೆ ಎಲ್ಲಿಂದ ಬರಬೇಕು? ಆಸ್ಪತ್ರೆಗೆ ಬಂದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. ಜೊತೆಗೆ ಬರುವವರ ಕೂಲಿಯೂ ಹೋಯಿತು. ಸ್ವಲ್ಪ ಗುಣವಾಗಿದೆಯಲ್ಲ ಎಂದು ಮಾತ್ರೆ ನಿಲ್ಲುತ್ತದೆ. ಸುಗ್ಗಿ ಮುಗಿಯುವ ಹೊತ್ತಿಗೆ ಕಾಯಿಲೆ ಮರುಕಳಿಸಿರುತ್ತದೆ. 'ಇಂಗ್ಲಿಷ್ ಔಷಧಿ ನಮಗೆ ಒಗ್ಗಲಿಲ್ಲ' ಎಂಬ ಮಾತು ಹುಟ್ಟುವುದು ಹೀಗೆ. ಒಗ್ಗದೆ ಹೋದದ್ದು ಔಷಧಿಯಲ್ಲ, ಔಷಧಿ ಸಿಗುವ ಕ್ರಮ.

ಇದು ವಲಸಿಗರೊಬ್ಬರ ಸಮಸ್ಯೆಯೂ ಅಲ್ಲ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ತೊಂದರೆ ಯಾವುದೆಂಬುದರ ಮೇಲೆ, ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ ಶೇ 70ರಿಂದ 92ರವರೆಗಿತ್ತು. ಒಂದೇ ಊರಿನಲ್ಲಿ ನೆಲೆನಿಂತವರ ಪಾಡೇ ಹೀಗಿದ್ದರೆ ಓಡಾಡುವವರ ಪಾಡನ್ನು ಓದುಗರೇ ಊಹಿಸಬಹುದು.

ಪರಿಹಾರ ದುಬಾರಿಯದೇನಲ್ಲ. ತೋಟಕ್ಕೆ ಹೊರಡುವ ಮುನ್ನ ವೈದ್ಯರಿಗೆ ತಿಳಿಸಿ, ಅವರು ಒಪ್ಪಿದರೆ, ಎರಡು ಮೂರು ತಿಂಗಳ ಮಾತ್ರೆ ಪಡೆಯುವುದು; ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೊತೆಗೆ ಒಯ್ಯುವುದು; ಹೋದ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದನ್ನು ತೋರಿಸುವುದು. ಆಶಾ ಕಾರ್ಯಕರ್ತೆಯರು ಹಾಡಿಯಿಂದ ಹೊರಡುವ ರೋಗಿಗಳ ಪಟ್ಟಿ ಇಟ್ಟುಕೊಂಡು ಕೊಡಗಿನ ಕಡೆಗೆ ತಿಳಿಸಿದರೆ ಅರ್ಧ ಕೆಲಸ ಮುಗಿದಂತೆ.

ಚೀಟಿ ಇಲ್ಲದಿದ್ದರೂ ಹಕ್ಕು ಇದೆ

2018ರ ಮೇ 29ರಿಂದ ಜಾರಿಗೆ ಬಂದ ಮೇಲಿನ ಕಾಯ್ದೆಯ 18ನೇ ಕಲಮು ಪ್ರತಿಯೊಬ್ಬರಿಗೂ ಸರ್ಕಾರದ ಸೇವೆಗಳಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವ ಹಕ್ಕು ಕೊಟ್ಟಿದೆ. ಜಾತಿ, ಧರ್ಮ, ಸಂಸ್ಕೃತಿಗಳ ಹೆಸರಿನಲ್ಲಿ ಭೇದ ಮಾಡುವಂತಿಲ್ಲ. ಅದರಲ್ಲೇ ಇನ್ನೊಂದು ಮಾತಿದೆ: ಬಡತನ ರೇಖೆಗಿಂತ ಕೆಳಗಿನವರಿಗೆ, ಅವರ ಬಳಿ ಬಿಪಿಎಲ್ ಕಾರ್ಡು ಇರಲಿ ಇಲ್ಲದಿರಲಿ, ಸರ್ಕಾರ ನಡೆಸುವ ಅಥವಾ ಅನುದಾನ ಕೊಡುವ ಮಾನಸಿಕ ಚಿಕಿತ್ಸಾ ಸಂಸ್ಥೆಗಳಲ್ಲಿ ಚಿಕಿತ್ಸೆ ಉಚಿತ. ನಿರ್ಗತಿಕರಿಗೆ, ಮನೆಯಿಲ್ಲದವರಿಗೂ ಅಷ್ಟೇ. ಕಾರ್ಡು ಒಂದೂರಿನಲ್ಲಿ, ದುಡಿಮೆ ಇನ್ನೊಂದೂರಿನಲ್ಲಿ ಇರುವವರಿಗೆ ಈ ಒಂದು ಸಾಲು ಗೊತ್ತಿದ್ದರೆ ಸಾಕು, ಆಸ್ಪತ್ರೆಯ ಕಿಟಕಿಯಲ್ಲಿ ಧೈರ್ಯವಾಗಿ ನಿಲ್ಲಬಹುದು.

2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ದೂರವಾಣಿ ಸೇವೆಯೂ ಇದೆ. ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಲೈನ್ ಮನೆಯಿಂದಲೂ, ಹಾಸ್ಟೆಲಿನಿಂದಲೂ ಕರೆ ಮಾಡಬಹುದು. ಸಿಗ್ನಲ್ ಸಿಗದ ಕಾಡಂಚಿನ ಹಾಡಿಗಳಿಗೆ ಮಾತ್ರ ಇದು ಅಷ್ಟಾಗಿ ಒದಗದು. ಅಲ್ಲಿ ಕಾಲ್ನಡಿಗೆಯ ಆರೋಗ್ಯ ಕಾರ್ಯಕರ್ತೆಗೆ ಬದಲಿ ಇಲ್ಲ.

ಮಕ್ಕಳ ಪಾಡು

ದೊಡ್ಡವರು ತೋಟಕ್ಕೆ ಹೋದಾಗ ಮಕ್ಕಳು ಎಲ್ಲಿರುತ್ತಾರೆ? ಕೆಲವರು ಜೊತೆಗೆ ಹೋಗಿ ಶಾಲೆ ಬಿಡುತ್ತಾರೆ. ಕೆಲವರು ಅಜ್ಜಿಯ ಬಳಿ ಇಲ್ಲವೇ ಆಶ್ರಮ ಶಾಲೆಯಲ್ಲಿ ಉಳಿಯುತ್ತಾರೆ. ಬೈಲಕುಪ್ಪೆಯ ಮಠಗಳಲ್ಲಿ ತಂದೆತಾಯಿಯಿಂದ ದೂರ ಬೆಳೆಯುವ ಎಳೆಯ ಭಿಕ್ಷುಗಳಿದ್ದಾರೆ. ಅಲ್ಲಿಯ ಎಷ್ಟೋ ಯುವಕರು ವಿದೇಶಗಳಿಗೆ ಹೋಗಿ, ಮನೆಯಲ್ಲಿ ಮುದುಕರಷ್ಟೇ ಉಳಿದದ್ದೂ ಇದೆ. ಪಿಯುಸಿ ಓದಲು ಮೈಸೂರಿನ ಹಾಸ್ಟೆಲಿಗೆ ಸೇರುವ ನಿಮ್ಮ ಮನೆಯ ಮಗನೋ ಮಗಳೋ ಕೂಡ ಸಣ್ಣ ಪ್ರಮಾಣದಲ್ಲಿ ವಲಸಿಗರೇ.

ಹೊಸ ಜಾಗದಲ್ಲಿ ಮೊದಲ ಕೆಲವು ವಾರ ಅಳು ಬರುವುದು ಸಹಜ. ಆದರೆ ಎರಡು ವಾರ ಮೀರಿ ದಿನವೂ ಬೇಸರ, ನಿದ್ದೆಗೇಡು, ಊಟ ಬೇಡವಾಗುವುದು, ಓದಿದ್ದು ತಲೆಗೆ ಹತ್ತದಿರುವುದು, ಗೆಳೆಯರಿಂದ ದೂರ ಸರಿಯುವುದು, ಕಾರಣವಿಲ್ಲದ ಹೊಟ್ಟೆನೋವು ತಲೆನೋವು ಮುಂದುವರಿದರೆ ವೈದ್ಯರಿಗೆ ತೋರಿಸಬೇಕು. ಯಾರಿಗೂ ಕೇಳದ ದನಿ ಕೇಳಿಸುವುದು, ಎಲ್ಲರ ಮೇಲೂ ಸಂಶಯ ಕಂಡರೆ ಎರಡು ವಾರವೂ ಕಾಯಬೇಕಿಲ್ಲ.

'ಬದುಕಿ ಏನು ಪ್ರಯೋಜನ' ಎಂಬ ಮಾತು ಬಂದರೆ ಬೈದು ಬಾಯಿ ಮುಚ್ಚಿಸಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೇಳಿಕೊಂಡವರ ಎದೆ ಹಗುರಾಗುತ್ತದೆ. ಹೌದೆಂದರೆ ಒಬ್ಬರನ್ನೇ ಬಿಡದೆ, ಹೊಲದ ಔಷಧಿಯನ್ನು ಕೈಗೆ ಸಿಗದಂತೆ ಇಟ್ಟು, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಪೊಲೀಸ್ ಕೇಸಿನ ಭಯಕ್ಕೆ ವಿಷಯ ಮುಚ್ಚಿಡುವವರಿದ್ದಾರೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಕಾಯ್ದೆಯ 115ನೇ ಕಲಮು ಭಾವಿಸುತ್ತದೆ. ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ ಎನ್ನುತ್ತದೆ.

ವಿದ್ಯಾರ್ಥಿಗಳಿಗೂ ಇಲ್ಲಿ ಒಂದು ಕೆಲಸವಿದೆ. ಜನವರಿಯಲ್ಲಿ ತರಗತಿಯ ಹಿಂದಿನ ಬೆಂಚು ಖಾಲಿಯಾದರೆ 'ಹಾಡಿಯವರು ಹಾಗೇ' ಎಂದು ಮೇಷ್ಟ್ರು ಹಾಜರಿ ಪುಸ್ತಕ ಮುಚ್ಚುವ ಮೊದಲು ಆ ಹುಡುಗ ಎಲ್ಲಿ ಹೋದ, ಹೇಗಿದ್ದಾನೆ ಎಂದು ವಿಚಾರಿಸಿ. ಮಾರ್ಚಿನಲ್ಲಿ ಅವನು ಮರಳಿ ಬಂದಾಗ ನೋಟ್ಸು ಕೊಡಿ, ಪಕ್ಕದಲ್ಲಿ ಕೂರಿಸಿಕೊಳ್ಳಿ. ತಮ್ಮವರೆನಿಸಿಕೊಳ್ಳುವ ಒಬ್ಬರು ಹತ್ತಿರವಿರುವುದು ಮನಸ್ಸಿಗೆ ಎಷ್ಟು ದೊಡ್ಡ ಆಸರೆ ಎಂಬುದು ಬೈಲಕುಪ್ಪೆಯಲ್ಲಿ ಬಿದಿರು ಕಡಿದವರಿಗೆ ಗೊತ್ತಿತ್ತು.