ನೋವು ನಿಂತರೆ ರೋಗ ಹೋಯಿತೇ?

ಉಪಾಹಾರಗೃಹಗಳಲ್ಲಿ ದುಡಿಯುವ ನಮ್ಮ ಹುಡುಗರೂ ಕಚೇರಿಗಳ ಗುಮಾಸ್ತರೂ ಹಲ್ಲುನೋವನ್ನು ರೋಗವೆಂದೇ ಎಣಿಸುವುದಿಲ್ಲ. ಲವಂಗ ಕಚ್ಚಿಯೋ, ಔಷಧದಂಗಡಿಯ ಮಾತ್ರೆ ನುಂಗಿಯೋ ಕೆಲಸಕ್ಕೆ ನಿಲ್ಲುವುದು ವಾಡಿಕೆ. ನೋವು ನಿಂತರೆ ರೋಗವೂ ತೊಲಗಿತೆಂದು ಬಗೆಯುತ್ತಾರೆ. ಬಾಯಿಯ ವಿಷಯದಲ್ಲಿ ಈ ಎಣಿಕೆ ಎರಡು ವಿಧದಲ್ಲಿ ತಪ್ಪುತ್ತದೆ.

ಮೊದಲನೆಯದು ಹಲ್ಲು. ಹುಳುಕು ಒಳಗಿನ ತಿರುಳನ್ನು ಮುಟ್ಟಿದಾಗ ನಿದ್ರೆಗೆಡಿಸುವ ನೋವು ಬರುತ್ತದೆ. ಕೆಲವು ದಿನಗಳಲ್ಲಿ ಅದು ತಾನಾಗಿ ನಿಲ್ಲುವುದೂ ಉಂಟು. ಆಗ ಹಲ್ಲು ಗುಣವಾಗಿರುವುದಿಲ್ಲ. ಅದರ ನರ ಸತ್ತಿರುತ್ತದೆ. ಸೋಂಕು ಬೇರಿನ ತುದಿಗಿಳಿದು ಸದ್ದಿಲ್ಲದೆ ಕೀವುಗಟ್ಟುತ್ತದೆ. ಆದುದರಿಂದ ಎರಡು ದಿನ ಮೀರಿದ ನೋವನ್ನು ದಂತವೈದ್ಯರಿಗೆ ತೋರಿಸಬೇಕು. ಕೆನ್ನೆ ಊದಿ ಜ್ವರ ಬಂದರೆ ಅದೇ ದಿನ ಹೋಗಬೇಕು. ದವಡೆಯ ಕೆಳಗೆ ಊತವಿಳಿದು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ನಡುರಾತ್ರಿಯಾದರೂ ಸರಿಯೇ, ದೊಡ್ಡ ಆಸ್ಪತ್ರೆಯ ತುರ್ತು ವಿಭಾಗವನ್ನು ಸೇರಬೇಕು. ಸೋಂಕು ಕುತ್ತಿಗೆಗಿಳಿದರೆ ಪ್ರಾಣಕ್ಕೇ ಅಪಾಯ.

ಎರಡನೆಯದು ಗಂಟು. ಬಾಯೊಳಗಿನ ಗಂಟುಗಳಲ್ಲಿ ಬಹುಪಾಲು ನಿರಪಾಯಕರವಾದವೇ. ತುಟಿಯನ್ನು ಕಚ್ಚಿಕೊಂಡಲ್ಲಿ ನೀರುಗುಳ್ಳೆಯೇಳಬಹುದು. ಅಂಗಳದ ನಡುವೆ ಹುಟ್ಟಿನಿಂದಲೋ ಪ್ರಾಯದಲ್ಲೋ ಎಲುಬಿನ ಉಬ್ಬು ಇರಬಹುದು. ಆದರೆ ಬಾಯಿಯ ಕ್ಯಾನ್ಸರ್ ಆರಂಭದಲ್ಲಿ ಅನೇಕವೇಳೆ ನೋಯುವುದೇ ಇಲ್ಲ. ಎರಡು ವಾರಗಳಲ್ಲಿ ಮಾಯದ ಹುಣ್ಣು, ಗಂಟು, ಬಿಳಿ ಅಥವಾ ಕೆಂಪು ಕಲೆ, ಕಾರಣವಿಲ್ಲದೆ ಅಲುಗುವ ಹಲ್ಲು, ಕುತ್ತಿಗೆಯ ಗಡ್ಡೆ, ಇವು ನೋಯದಿದ್ದರೂ ಪರೀಕ್ಷೆಗೆ ಅರ್ಹ. ಬೇಗ ಕಂಡುಹಿಡಿದರೆ ಚಿಕಿತ್ಸೆ ಸುಲಭ, ಗುಣವಾಗುವ ಸಂಭವವೂ ಹೆಚ್ಚು.

ತಂಬಾಕು ಅಗಿಯುವವರು, ಬೀಡಿ ಸೇದುವವರು, ಮದ್ಯ ಸೇವಿಸುವವರು ವಿಶೇಷ ಎಚ್ಚರದಿಂದಿರಬೇಕು. ಅಡಿಕೆ ತೋಟಗಳ ನಾಡಿನಿಂದ ಬಂದ ನಮಗೆ ಕಹಿಯೆನಿಸಿದರೂ ಇನ್ನೊಂದು ಮಾತನ್ನು ಹೇಳಲೇಬೇಕು. ತಂಬಾಕು ಸೇರದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ನಿರ್ಣಯಿಸಿದೆ. ಅಡಿಕೆ ಅಗಿಯುವವರಲ್ಲಿ ಕೆನ್ನೆಯ ಒಳಪದರ ಬಿಗಿದು, ಖಾರ ತಾಕಿದರೆ ಉರಿದು, ಕ್ರಮೇಣ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಕನ್ನಡಿಯ ಮುಂದೆ ನಿಂತು ತಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದಿರಿಸಿ ಹಲ್ಲುಗಳ ನಡುವೆ ಹಿಡಿಸಿ ನೋಡಿರಿ. ಹಿಡಿಸದಿದ್ದರೆ ವೈದ್ಯರನ್ನು ಕಾಣಿರಿ.

ಹಲ್ಲುನೋವಿಗೆ ತಂಬಾಕನ್ನು ಒತ್ತಿಕೊಳ್ಳುವುದು ಬೆಂಕಿಗೆ ತುಪ್ಪ ಸುರಿದಂತೆ. ಆಸ್ಪಿರಿನ್ ಮಾತ್ರೆಯನ್ನು ವಸಡಿನ ಮೇಲಿಟ್ಟರೆ ವಸಡು ಸುಡುತ್ತದೆ. ಫುಟ್‌ಪಾತಿನ ಮೇಲೆ ಹಲ್ಲು ಕೀಳುವವರ ಇಕ್ಕಳ ಶುದ್ಧವೆಂದು ನಂಬುವಂತಿಲ್ಲ.

ದೆಹಲಿಯಲ್ಲಿ ಸರ್ಕಾರಿ ಚಿಕಿತ್ಸೆಗೆ ಕೊರತೆಯಿಲ್ಲ. ದಿಲ್ಲಿ ಗೇಟಿನ ಬಳಿ ಮೌಲಾನಾ ಆಜಾದ್ ದಂತವಿಜ್ಞಾನ ಸಂಸ್ಥೆಯೂ, ಏಮ್ಸ್ ಆಸ್ಪತ್ರೆಯಲ್ಲಿ ದಂತಚಿಕಿತ್ಸಾ ಕೇಂದ್ರವೂ ಇವೆ. ಇ.ಎಸ್.ಐ. ವಿಮೆಯುಳ್ಳ ಕಾರ್ಮಿಕರಿಗೆ ರೋಹಿಣಿಯಲ್ಲಿ ಆ ನಿಗಮದ್ದೇ ದಂತವೈದ್ಯ ಕಾಲೇಜು ಆಸ್ಪತ್ರೆಯುಂಟು. ಕೇಂದ್ರ ಸರ್ಕಾರದ ಗುಮಾಸ್ತರಿಗೆ ಸಿ.ಜಿ.ಎಚ್.ಎಸ್. ಇದೆ.

ಕೊನೆಯದಾಗಿ ಹೋಟೆಲು ಮಾಲೀಕರಲ್ಲಿ ಒಂದು ವಿಜ್ಞಾಪನೆ. ಹೊರರೋಗಿ ವಿಭಾಗದ ಚೀಟಿ ಸಿಗುವುದು ಬೆಳಗಿನ ಹೊತ್ತು. ನಮ್ಮ ಇಡ್ಲಿ-ದೋಸೆಯ ನೂಕುನುಗ್ಗಲೂ ಅದೇ ಹೊತ್ತು. ಕೂಲಿ ಮುರಿದೀತೆಂಬ ಭಯದಿಂದಲೇ ಎಷ್ಟೋ ಹುಡುಗರು ಬಾಯಿ ಬಿಡುವುದಿಲ್ಲ. ಅಂಥವರಿಗೆ ಕೂಲಿ ಕಡಿಯದೆ ಅರ್ಧ ದಿನದ ರಜೆ ಕೊಡಿರಿ. ಆ ಅರ್ಧ ದಿನದಿಂದ ಮಾಲೀಕರಿಗಾಗುವ ನಷ್ಟ ಅಲ್ಪ. ಊರಿನಲ್ಲಿ ಅವನ ಹಣದ ದಾರಿ ಕಾಯುವ ಸಂಸಾರಕ್ಕೆ ಅವನೇ ಸರ್ವಸ್ವ.